ಏರ್ ಫ್ರೈಯರ್‌ನಲ್ಲಿ ಚಕ್ಕೆ ಸಕ್ಕರೆಯ ಪುಟ್ಟ ಡೋನಟ್: ಹೊರಗೆ ಗಟ್ಟಿಯಾಗದೆ, ಒಳಗೆ ಹಸಿ ಉಳಿಯದೆ ಮಾಡುವುದು ಹೇಗೆ?

ಪ್ರಶ್ನೆ: ಹೊಸದಾಗಿ ಏರ್ ಫ್ರೈಯರ್ ತಂದಿದ್ದೇವೆ. ಅಮೆರಿಕದವರ ವಿಡಿಯೋಗಳಲ್ಲಿ ಒಂದು ಡಬ್ಬಿ ಒಡೆದು, ರೆಡಿ ಹಿಟ್ಟು ತೆಗೆದು, ತುಂಡು ಮಾಡಿ, ಐದೇ ನಿಮಿಷದಲ್ಲಿ ಚಕ್ಕೆ ಸಕ್ಕರೆ ಹಚ್ಚಿದ ಪುಟ್ಟ ಡೋನಟ್ ಮಾಡಿಬಿಡುತ್ತಾರೆ. ಆ ಡಬ್ಬಿ ನಮ್ಮ ಊರಿನಲ್ಲಿ ಸಿಗಲಿಲ್ಲ. ಮೈದಾ, ಹಾಲು, ಬೇಕಿಂಗ್ ಪೌಡರ್ ಹಾಕಿ, ಚಪಾತಿ ಹಿಟ್ಟು ನಾದುವ ಹಾಗೆ ಚೆನ್ನಾಗಿ ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ 200 ಡಿಗ್ರಿಯಲ್ಲಿ ಇಟ್ಟೆ. ಹೊರಗೆ ಗಟ್ಟಿ, ಒಳಗೆ ಹಸಿ. ಸಕ್ಕರೆಯೂ ಅಂಟಲಿಲ್ಲ, ಎಲ್ಲ ತಟ್ಟೆಗೇ ಉದುರಿತು. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಬೇಗ ಆಗುವ ವಿಧಾನ ಹೇಳಿ. ಎಣ್ಣೆಯಲ್ಲಿ ಕರಿಯದೇ ಇರುವುದರಿಂದ ಜಾಸ್ತಿ ತಿಂದರೂ ಪರವಾಗಿಲ್ಲ ಅಲ್ವಾ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ತೊಂದರೆ ಮೂರು, ಆದರೆ ಕಾರಣ ಬಹುತೇಕ ಒಂದೇ. ಏರ್ ಫ್ರೈಯರ್ ಕರಿಯುತ್ತದೆ ಅಂತ ಅಂದುಕೊಂಡು ಹಿಟ್ಟು ಕಲಸಿದ್ದೀರಿ. ಅದು ಕರಿಯುವುದಿಲ್ಲ, ಬೇಯಿಸುತ್ತದೆ. ಮೇಲೆ ಕಾಯುವ ಒಂದು ಕಾಯಿಲ್, ಅದರ ಹತ್ತಿರವೇ ಜೋರಾಗಿ ತಿರುಗುವ ಫ್ಯಾನ್, ಕೆಳಗೆ ತೂತುಗಳಿರುವ ಬುಟ್ಟಿ. ಯಂತ್ರ ಅಂದರೆ ಇಷ್ಟೇ. ಬೇಕರಿಯಲ್ಲಿರುವ ಗಾಳಿ ತಿರುಗಿಸುವ ಓವನ್ನಿನ ಚಿಕ್ಕ ರೂಪ. 2010ರಲ್ಲಿ ಬರ್ಲಿನ್‌ನ ಐಎಫ್‌ಎ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಫಿಲಿಪ್ಸ್ ಕಂಪನಿ ಇದನ್ನು ಏರ್‌ಫ್ರೈಯರ್ ಅಂತ ಹೆಸರಿಟ್ಟು ತೋರಿಸಿತು. ಆಮೇಲೆ ಯಾವ ಕಂಪನಿ ಮಾಡಿದರೂ ಅದೇ ಹೆಸರು ಉಳಿದುಕೊಂಡಿತು.

175 ಡಿಗ್ರಿಯ ಎಣ್ಣೆಗೂ 175 ಡಿಗ್ರಿಯ ಗಾಳಿಗೂ ತುಂಬಾ ವ್ಯತ್ಯಾಸವಿದೆ. ಅಷ್ಟು ಬಿಸಿಯಾದ ಓವನ್ನಿನೊಳಗೆ ಕೈ ಚಾಚಿ ಬಟ್ಟೆ ಹಿಡಿದು ಟ್ರೇ ಎಳೆದುಕೊಳ್ಳುತ್ತೇವೆ. ಅಷ್ಟೇ ಬಿಸಿಯಾದ ಎಣ್ಣೆಗೆ ಬೆರಳ ತುದಿ ತಾಗಿದರೆ ಬೊಬ್ಬೆ ಬರುತ್ತದೆ. ಎಣ್ಣೆ ಶಾಖವನ್ನು ತಕ್ಷಣ ಕೊಡುತ್ತದೆ, ಎಲ್ಲ ಕಡೆಯಿಂದ ಒಟ್ಟಿಗೆ ಕೊಡುತ್ತದೆ. ಅದರ ಜೊತೆಗೆ ತಾನೂ ಸ್ವಲ್ಪ ಒಳಗೆ ಹೋಗಿ ಹಿಟ್ಟನ್ನು ಮೆತ್ತಗೆ ಮಾಡುತ್ತದೆ. ಗಾಳಿ ನಿಧಾನಕ್ಕೆ ಕಾಯಿಸುತ್ತದೆ, ಎಣ್ಣೆಯ ಹಾಗೆ ಮೆತ್ತಗೆ ಮಾಡುವುದರ ಬದಲು ಹಿಟ್ಟಿನ ಮೇಲ್ಮೈಯ ನೀರನ್ನು ಎಳೆದುಕೊಂಡು ಹೋಗುತ್ತದೆ. ಗಾಳಿಗೆ ಹಾಕಿದ ಬಟ್ಟೆ ಒಣಗುವ ಹಾಗೆ ಡೋನಟ್‌ನ ಮೈ ಒಣಗುತ್ತದೆ.

ಹಾಗಾಗಿ ಕರಿಯುವಾಗ ಎಣ್ಣೆ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಬೇಕು. ಹಿಟ್ಟಿನ ಒಳಗೇ ಸ್ವಲ್ಪ ಬೆಣ್ಣೆ ಇರಬೇಕು. ಹಿಟ್ಟು ಮೆತ್ತಗಿರಬೇಕು. ತುಂಡು ಚಿಕ್ಕದಿರಬೇಕು. ಉರಿ ಹದವಾಗಿರಬೇಕು. ಸಕ್ಕರೆ ಹಿಡಿಯಲು ಹಚ್ಚುವ ಬೆಣ್ಣೆ ಬೆಂದ ಮೇಲೆ ಬರಬೇಕು. ಇಷ್ಟು ಹಿಡಿದುಕೊಂಡರೆ ಸಾಕು, ಉಳಿದಿದ್ದೆಲ್ಲ ಸಲೀಸು.

ಮೊದಲು ಆ ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ವಿಡಿಯೋದಲ್ಲಿ ಅವರು ಒಡೆಯುವುದು ಬಿಸ್ಕಿಟ್ ಹಿಟ್ಟಿನ ಡಬ್ಬಿ. ಅಮೆರಿಕದ ಬಿಸ್ಕಿಟ್ ನಾವು ಚಹಾದಲ್ಲಿ ಅದ್ದುವ ಬಿಸ್ಕಿಟ್ ಅಲ್ಲ, ಬೇಕಿಂಗ್ ಪೌಡರ್ ಹಾಕಿದ ಮೆತ್ತನೆಯ ಬನ್ನು. ಅದರ ಹಸಿ ಹಿಟ್ಟನ್ನು ರಟ್ಟಿನ ಕೊಳವೆಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು ಮಾರುವುದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1930ರ ದಶಕದಲ್ಲೇ ಶುರುವಾಯಿತು. ಆಮೇಲೆ ಪಿಲ್ಸ್‌ಬರಿ ಕಂಪನಿ ಅದನ್ನು ದೇಶಕ್ಕೆಲ್ಲ ಹರಡಿತು. ಒಳಗಿನ ಹಿಟ್ಟು ಆಗಲೇ ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ಅದಕ್ಕೇ ಡಬ್ಬಿ ಬಿಚ್ಚಿದಾಗ ಟಪ್ ಅಂತ ಸದ್ದು ಬರುವುದು. ಹಿಟ್ಟಿನಲ್ಲಿ ಕೊಬ್ಬೂ ಮೊದಲೇ ಬೆರೆತಿರುತ್ತದೆ. ಏರ್ ಫ್ರೈಯರ್‌ನಲ್ಲಿ ಅದು ಚೆನ್ನಾಗಿ ಬರುವುದಕ್ಕೆ ಕಾರಣ ಇದೇ. ಅದು ಮೊದಲಿನಿಂದಲೂ ಓವನ್ನಿಗೆಂದೇ ಮಾಡಿದ ಹಿಟ್ಟು.

ಅಮೆರಿಕದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದೇ ಮಾತು. ಪದರ ಪದರವಾಗಿ ಬಿಡಿಸಿಕೊಳ್ಳುವ ಬಗೆಯದು ಬೇಡ, ಸಾದಾ ಬಗೆಯದು ತನ್ನಿ. ಪದರದ್ದು ಗಾಳಿಗೆ ಬಾಯಿ ಬಿಟ್ಟುಕೊಳ್ಳುತ್ತದೆ. ಒಂದೊಂದನ್ನು ನಾಲ್ಕು ತುಂಡು ಮಾಡಿ, 350 ಫ್ಯಾರನ್‌ಹೀಟ್‌ನಲ್ಲಿ ಐದು ನಿಮಿಷದ ಆಸುಪಾಸು ಇಟ್ಟರೆ ಆಯಿತು.

ನಮಗೆ ಡಬ್ಬಿ ಇಲ್ಲದಿದ್ದರೆ ನಷ್ಟವೇನೂ ಇಲ್ಲ. ನಮ್ಮ ಹತ್ತಿರ ಮೊಸರಿದೆ.

ಅಮೆರಿಕದ ಈಶಾನ್ಯ ಭಾಗದಲ್ಲಿ, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ, ಶರತ್ಕಾಲದಲ್ಲಿ ಸೇಬಿನ ತೋಟಗಳಿಗೆ ಹೋದವರೆಲ್ಲ ಚಕ್ಕೆ ಸಕ್ಕರೆ ಹೊರಳಿಸಿದ ಬಿಸಿ ಡೋನಟ್ ತಿಂದು ಬರುತ್ತಾರೆ. ಹಿಟ್ಟಿಗೆ ಸೇಬಿನ ರಸ ಹಾಕುತ್ತಾರೆ, ಸಾಮಾನ್ಯವಾಗಿ ಮಜ್ಜಿಗೆಯನ್ನೂ ಹಾಕುತ್ತಾರೆ. ಯೀಸ್ಟ್ ಇಲ್ಲ, ಗಂಟೆಗಟ್ಟಲೆ ಉಬ್ಬಿಸುವುದಿಲ್ಲ. ಹುಳಿ ಮತ್ತು ಸೋಡಾ ಸೇರಿದರೆ ಕೂಡಲೇ ಗಾಳಿ ಗುಳ್ಳೆ ಏಳುತ್ತವೆ, ಅದರ ಬಲದಲ್ಲೇ ಹಿಟ್ಟು ಉಬ್ಬುತ್ತದೆ. ಮಂಗಳೂರು ಬನ್ಸ್ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ. ಮೊಸರಿನ ಹುಳಿ ಇಲ್ಲಿ ಎರಡು ಕೆಲಸ ಮಾಡುತ್ತದೆ: ಸೋಡಾವನ್ನು ಎಬ್ಬಿಸುತ್ತದೆ, ಹಿಟ್ಟನ್ನು ಮೃದು ಮಾಡುತ್ತದೆ. ನೀವು ಹಾಕಿದ ಹಾಲಿನಿಂದ ಇವೆರಡೂ ಆಗುವುದಿಲ್ಲ. ಮೊಟ್ಟೆಯ ಕೊರತೆಯನ್ನೂ ಮೊಸರೇ ಬಹುಮಟ್ಟಿಗೆ ತುಂಬುತ್ತದೆ.

ಈಗ ಅಳತೆ. ಇಪ್ಪತ್ತು ಪುಟ್ಟ ಡೋನಟ್‌ಗೆ ಮೈದಾ 200 ಗ್ರಾಂ ಬೇಕು, ಅಂದರೆ ಅಳತೆಯ ಕಪ್ಪಿನಲ್ಲಿ ಒಂದೂವರೆ ಕಪ್ಪು. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಪುಡಿ ಮಾಡಿದ ಸಕ್ಕರೆ 30 ಗ್ರಾಂ, ತಣ್ಣಗಿನ ಬೆಣ್ಣೆ 30 ಗ್ರಾಂ. ಬೆಣ್ಣೆಯಲ್ಲಿ ಉಪ್ಪಿಲ್ಲದಿದ್ದರೆ ಕಾಲು ಟೀ ಚಮಚ ಉಪ್ಪು. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು 150 ಗ್ರಾಂ. ಕಟ್ಟಿ ನೇತುಹಾಕುವಷ್ಟು ಪುರುಸೊತ್ತು ಇಲ್ಲದಿದ್ದರೆ ಮಾಮೂಲಿ ಗಟ್ಟಿ ಮೊಸರನ್ನೇ ಹಾಕಿ. ಆಗ 110 ಗ್ರಾಂನಿಂದ ಶುರು ಮಾಡಿ, ಬೇಕಾದರೆ ಒಂದೊಂದೇ ಚಮಚ ಸೇರಿಸಿ. ಸಾಧ್ಯವಾದರೆ ತೂಕ ಮಾಡಿಯೇ ಹಾಕಿ. ಒತ್ತಿ ತುಂಬಿದ ಒಂದು ಕಪ್ಪು ಮೈದಾಕ್ಕೂ ಸುಮ್ನೆ ಸುರಿದ ಕಪ್ಪಿಗೂ ಸಲೀಸಾಗಿ 30 ಗ್ರಾಂ ಹೆಚ್ಚುಕಡಿಮೆ ಆಗುತ್ತದೆ.

ಹಿಟ್ಟು ಕಲಸುವ ಮೊದಲು ಬೇಕಿಂಗ್ ಪೌಡರ್ ಜೀವಂತ ಇದೆಯಾ ನೋಡಿ. ಒಂದು ಲೋಟದಲ್ಲಿ ಸ್ವಲ್ಪ ಬಿಸಿನೀರು ತೆಗೆದುಕೊಂಡು ಅರ್ಧ ಚಮಚ ಪೌಡರ್ ಹಾಕಿ. ಬುಸ್ ಅಂತ ನೊರೆ ಬರಬೇಕು. ಸುಮ್ಮನೆ ತಳಕ್ಕೆ ಹೋಗಿ ಕೂತರೆ ಆ ಡಬ್ಬಿ ಎಸೆಯಿರಿ. ಬಹಳಷ್ಟು ಮನೆಗಳಲ್ಲಿ ಕಳೆದ ವರ್ಷ ಕೇಕ್ ಮಾಡಿದಾಗ ಬಿಚ್ಚಿದ ಡಬ್ಬಿಯೇ ಇನ್ನೂ ಇರುತ್ತದೆ, ನಮ್ಮ ಮಳೆಗಾಲದ ಥಂಡಿ ಅದರ ಕಸುವನ್ನು ಎಂದೋ ತಿಂದುಬಿಟ್ಟಿರುತ್ತದೆ.

ಒಣ ಸಾಮಾನೆಲ್ಲ ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾದ ಸಣ್ಣ ಗಂಟೊಂದು ಉಳಿದರೂ ಆ ತುತ್ತು ಕಹಿಯಾಗುತ್ತದೆ. ಆಮೇಲೆ ಬೆಣ್ಣೆ ಸೇರಿಸಿ, ಬೆರಳ ತುದಿಯಲ್ಲಿ ಮೈದಾ ಜೊತೆ ಬೇಗ ಬೇಗ ಉಜ್ಜಿ. ಪುಡಿ ಪುಡಿಯಾಗಿ, ದಪ್ಪ ರವೆಯಂತೆ ಕಾಣಬೇಕು. ಅಂಗೈ ಬಳಸಬೇಡಿ, ಅಂಗೈ ಬಿಸಿಗೆ ಬೆಣ್ಣೆ ಕರಗಿ ಹೋಗುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಬೆರಳ ತುದಿಯೂ ಬೇಡ ಅನ್ನಿ. ಬೆಣ್ಣೆಯನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ನೇರವಾಗಿ ಮೈದಾದ ಮೇಲೆ ತುರಿದುಬಿಡಿ. ಇದು ಎಷ್ಟೋ ಸುಲಭ.

ಇನ್ನು ಮೊಸರು. ನಿಮ್ಮ ಹಿಟ್ಟು ಕೆಟ್ಟಿದ್ದು ಬಹುಶಃ ಈ ಘಟ್ಟದಲ್ಲೇ. ಮೊಸರು ಹಾಕಿ ಚಮಚದ ಹಿಡಿಯಿಂದಲೋ ಫೋರ್ಕ್‌ನಿಂದಲೋ ಕಲಕಿ. ಒಣ ಮೈದಾ ಕಾಣದಷ್ಟು ಕೂಡಿಕೊಂಡರೆ ನಿಲ್ಲಿಸಿ. ನಾದಬೇಡಿ. ಚಪಾತಿ ಹಿಟ್ಟನ್ನು ನಾದುವುದು ಅದರಲ್ಲಿ ಜಿಗಿ ಬರಲಿ, ಹರಿಯದೆ ಲಟ್ಟಿಸಲು ಬರಲಿ ಅಂತ. ಮೈದಾಕ್ಕೆ ನೀರು ತಾಗಿ, ಮೇಲೆ ನಾದಿದರೆ ಅದರ ಪ್ರೋಟೀನಿನಿಂದಾಗುವ ಗ್ಲುಟೆನ್ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಯೀಸ್ಟ್ ಹಾಕಿದ ಬ್ರೆಡ್ಡಿಗೆ ಅದು ಬೇಕು, ಏಕೆಂದರೆ ಯೀಸ್ಟ್ ಗಂಟೆಗಟ್ಟಲೆ ಗಾಳಿ ಬಿಡುತ್ತದೆ, ಆ ಗಾಳಿಯನ್ನು ಹಿಡಿದಿಡಲು ಬಿಗಿ ಬಲೆ ಬೇಕು. ಬೇಕಿಂಗ್ ಪೌಡರ್‌ಗೆ ಅಷ್ಟು ಹೊತ್ತು ಎಳೆಯುವ ಶಕ್ತಿ ಇಲ್ಲ. ಸಿಗುವ ಕೆಲವು ನಿಮಿಷಗಳಲ್ಲಿ ಅದು ಹಿಟ್ಟನ್ನು ಎತ್ತಬೇಕು. ಬಿಗಿಯಾದ ಹಿಟ್ಟು ಎದ್ದೇಳುವುದಿಲ್ಲ. ನೀವು ಕಂಡ ಗಟ್ಟಿತನದಲ್ಲಿ ಅರ್ಧ ಪಾಲು ನಾದಿದ್ದರಿಂದಲೇ ಬಂದಿದ್ದು.

ಸರಿಯಾದ ಹದ ಹೀಗಿರುತ್ತದೆ: ಪಾತ್ರೆಯಲ್ಲಿ ಹಿಟ್ಟು ನೋಡಲು ಒರಟು ಒರಟಾಗಿರುತ್ತದೆ. ಬೆರಳಿಂದ ಮುಟ್ಟಿದರೆ ಸ್ವಲ್ಪ ಅಂಟುತ್ತದೆ, ಬೆರಳು ಎತ್ತಿದರೆ ಹಿಟ್ಟಿನ ಒಂದು ಸಣ್ಣ ಮೂಗು ಮೇಲೆದ್ದು ಹಾಗೇ ನಿಲ್ಲುತ್ತದೆ. ಕೈಗೆಲ್ಲ ಮೆತ್ತಿಕೊಂಡರೆ ಒಂದು ಚಮಚ ಮೈದಾ ಉದುರಿಸಿ. ನುಣ್ಣಗೆ ಚೆಂದ ಕಾಣಿಸಿದರೆ ಈಗಾಗಲೇ ಜಾಸ್ತಿ ಕಲಸಿದ್ದೀರಿ ಅಂತ ಅರ್ಥ. ಮುಚ್ಚಿ ಹತ್ತು ನಿಮಿಷ ಬಿಡಿ. ಮೈದಾ ತೇವ ಹೀರಿಕೊಂಡು ಅಂಟು ತಾನಾಗಿಯೇ ಕಡಿಮೆಯಾಗುತ್ತದೆ.

ಆ ಹತ್ತು ನಿಮಿಷದಲ್ಲಿ ಚಕ್ಕೆ ಸಕ್ಕರೆ ಮಾಡಿಕೊಳ್ಳಿ. ಈ ತಿಂಡಿಯ ರುಚಿ ನಿಂತಿರುವುದು ಇದರ ಮೇಲೆ, ಹಾಗಾಗಿ ಪ್ಯಾಕೆಟ್ ಪುಡಿಗೆ ನನ್ನ ಮತವಿಲ್ಲ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ, ಅಂದರೆ ಕ್ಯಾಸಿಯಾ. ಸಿಲೋನ್ ಚಕ್ಕೆ ಬೇರೆಯದು. ಅದು ತೆಳು, ಕಾಗದದಂಥ ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳಲ್ಲೇ ಮುರಿಯಬಹುದು. ಅಮೆರಿಕದ ಡೋನಟ್‌ಗಳ ಆ ಖಾರ ಮಿಶ್ರಿತ ಘಾಟು ಕ್ಯಾಸಿಯಾದ್ದೇ. ಅಲ್ಲಿ ಮಾರಾಟವಾಗುವ ಚಕ್ಕೆಯಲ್ಲಿ ಬಹುಪಾಲು ಇಂಡೋನೇಷ್ಯಾದಿಂದ ಬಂದ ಕ್ಯಾಸಿಯಾ. ಹಾಗಾಗಿ ನಿಮ್ಮ ಬಿರಿಯಾನಿ ಡಬ್ಬಿಯಲ್ಲಿರುವ ಚಕ್ಕೆಯೇ ಈ ತಿಂಡಿಗೆ ಸರಿಹೊಂದುತ್ತದೆ.

ಒಂದು ವಿಷಯ ಮಾತ್ರ ಗಮನದಲ್ಲಿಡಿ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ವಸ್ತು ಜಾಸ್ತಿ, ಸಿಲೋನ್ ಚಕ್ಕೆಯಲ್ಲಿ ಬಹಳ ಕಡಿಮೆ. ಅದು ಮಿತಿಮೀರಿದರೆ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವ ದಿನದ ಮಿತಿ, ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ. ಯಾವಾಗಲಾದರೊಮ್ಮೆ ಈ ತಿಂಡಿ ತಿಂದರೆ ಚಿಂತೆ ಬೇಡ. ಆದರೆ ಮಕ್ಕಳ ಹಾಲಿಗೋ ಗಂಜಿಗೋ ದಿನಾ ಚಕ್ಕೆ ಪುಡಿ ಹಾಕುವ ಅಭ್ಯಾಸವಿದ್ದರೆ ಸಿಲೋನ್ ಚಕ್ಕೆಗೆ ಬದಲಾಯಿಸಿಕೊಳ್ಳಿ.

ಚಕ್ಕೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಹುರಿಯುವುದು ಬೇಡ, ತೇವ ಹೋದರೆ ಸಾಕು. ಪೂರ್ತಿ ಆರಿದ ಮೇಲೆ ಎರಡು ಚಮಚ ಸಕ್ಕರೆ ಸೇರಿಸಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿ ಮಾಡಿ. ಸಕ್ಕರೆಯ ಹರಳು ಸೇರಿದರೆ ಚಕ್ಕೆ ಬೇಗ ನುಣ್ಣಗಾಗುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ, ಇಲ್ಲದಿದ್ದರೆ ಮಕ್ಕಳ ಬಾಯಿಗೆ ನಾರು ಸಿಗುತ್ತದೆ. ಒಟ್ಟು 80 ಗ್ರಾಂ ಸಕ್ಕರೆಗೆ ಎರಡು ಟೀ ಚಮಚ ಚಕ್ಕೆ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಮರೆಯಬೇಡಿ, ಚಕ್ಕೆಯ ಪರಿಮಳ ಎದ್ದು ಬರುವುದು ಅದರಿಂದಲೇ. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಉಳಿದ ಸಕ್ಕರೆಯನ್ನೂ ಮಿಕ್ಸಿಯಲ್ಲಿ ಒಂದೇ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಸಣ್ಣ ಹರಳಾಗಬೇಕು, ಹಿಟ್ಟಾಗಬಾರದು. ಪುಡಿ ಸಕ್ಕರೆ ಬೆಣ್ಣೆಯ ಮೇಲೆ ಬಿದ್ದ ಕೂಡಲೇ ಲೇಹ್ಯದಂತಾಗುತ್ತದೆ. ಹಲ್ಲಿಗೆ ಸಿಗುವ ಆ ಕರಕರ ಹೋದರೆ ಡೋನಟ್‌ನ ಮಜವೇ ಹೋಯಿತು.

ಬೆಲ್ಲದ ಪುಡಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ರುಚಿ ಚೆನ್ನಾಗಿರುತ್ತದೆ. ಆದರೆ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಹತ್ತೇ ನಿಮಿಷದಲ್ಲಿ ಒದ್ದೆಯಾಗುತ್ತದೆ. ಮಾಡಿದ ಕೂಡಲೇ ತಿನ್ನುವುದಾದರೆ ಸರಿ.

ಈಗ ತುಂಡು. ನಿಂಬೆಗಾತ್ರ ಅಂದಿರಿ. ಅದು ದೊಡ್ಡದಾಯಿತು. ಶಾಖ ಹೊರಗಿನಿಂದ ಒಳಗೆ ಹೋಗಲು ಹೊತ್ತು ಬೇಕು. 200 ಡಿಗ್ರಿಯಲ್ಲಿ ಇಟ್ಟರೆ ಹೊರಗಿನ ತೊಗಟೆ ಮೂರ್ನಾಲ್ಕು ನಿಮಿಷದಲ್ಲಿ ಗಟ್ಟಿಯಾಗಿ ಬಣ್ಣ ಬರುತ್ತದೆ. ಒಮ್ಮೆ ತೊಗಟೆ ಬಿಗಿದರೆ ಒಳಗಿನ ಹಿಟ್ಟಿಗೆ ಉಬ್ಬಲು ಜಾಗವಿಲ್ಲ, ಉಬ್ಬದ ಹಿಟ್ಟು ಬೇಯಲು ಇನ್ನೂ ಹೊತ್ತು ಹಿಡಿಯುತ್ತದೆ. ಬಣ್ಣ ಬಂತು ಅಂತ ತೆಗೆದರೆ ಒಳಗೆ ಹಸಿ. ಬೇಯಲಿ ಅಂತ ಬಿಟ್ಟರೆ ಹೊರಗೆ ಇನ್ನೂ ಗಟ್ಟಿ. ನಿಮಗೆ ಆಗಿದ್ದು ಇದೇ.

ಮೈದಾ ಉದುರಿಸಿದ ಮಣೆಯ ಮೇಲೆ ಹಿಟ್ಟನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ಎರಡು ಸೆಂಟಿಮೀಟರ್ ದಪ್ಪದ ಚೌಕ ಮಾಡಿ. ಲಟ್ಟಣಿಗೆ ಬೇಡ. ಮೈದಾ ಹಚ್ಚಿದ ಚಾಕುವಿನಿಂದ ನಾಲ್ಕು ಸಾಲು, ಐದು ಸಾಲು ಅಂತ ಕತ್ತರಿಸಿದರೆ ಇಪ್ಪತ್ತು ತುಂಡು. ಒಂದೊಂದು 20 ಗ್ರಾಂ ಆಸುಪಾಸು ತೂಗುತ್ತದೆ. ಚಾಕುವನ್ನು ನೇರ ಒತ್ತಿ, ಎಳೆಯಬೇಡಿ. ಎಳೆದರೆ ಅಂಚು ಮುಚ್ಚಿಕೊಂಡು ಆ ಬದಿ ಮೇಲೆ ಏಳುವುದಿಲ್ಲ. ದುಂಡಗೆ ಬೇಕು ಅನ್ನುವವರು ಉಂಡೆ ಕಟ್ಟಬಹುದು, ಆದರೆ ಉಂಡೆ ಕಟ್ಟುವುದೂ ಒಂದು ಬಗೆಯ ನಾದುವುದೇ. ನನಗಂತೂ ಚೌಕವೇ ಇಷ್ಟ. ಮೂಲೆಗಳಲ್ಲಿ ಸಕ್ಕರೆ ಚೆನ್ನಾಗಿ ಹಿಡಿಯುತ್ತದೆ.

ಪುಟ್ಟದಾಗಿರುವುದಕ್ಕೆ ಇದು ಡೋನಟ್ ಅಲ್ಲ ಅಂತ ಬೇಜಾರು ಬೇಡ. ತೂತಿನ ಡೋನಟ್ ಮಾಡುವಾಗ ನಡುವಿನಿಂದ ಬರುವ ಚೂರುಗಳಿಂದಲೇ ಈ ಬಗೆ ಹುಟ್ಟಿತು. ಕೆನಡಾದ ಟಿಮ್ ಹಾರ್ಟನ್ಸ್ ಅಂಗಡಿಗಳು 1976ರಿಂದ ಇದನ್ನು ಟಿಮ್‌ಬಿಟ್ಸ್ ಅಂತ ಡಬ್ಬಿಗಟ್ಟಲೆ ಮಾರುತ್ತಿವೆ.

ಏರ್ ಫ್ರೈಯರ್ ಅನ್ನು 170 ಡಿಗ್ರಿಗೆ ಇಟ್ಟು ಮೂರು ನಿಮಿಷ ಖಾಲಿಯಾಗಿ ಕಾಯಿಸಿ. ಬುಟ್ಟಿಗೆ ಬ್ರಷ್‌ನಿಂದ ಸ್ವಲ್ಪ ಎಣ್ಣೆ ಸವರಿ. ಡಬ್ಬಿಯಿಂದ ಚಿಮ್ಮಿಸುವ ಸ್ಪ್ರೇ ಬೇಡ, ಅದು ಬುಟ್ಟಿಯ ನಾನ್‌ಸ್ಟಿಕ್ ಲೇಪವನ್ನು ಹಾಳು ಮಾಡುತ್ತದೆ. ತುಂಡುಗಳ ಮೇಲೆ ಕರಗಿದ ಬೆಣ್ಣೆಯನ್ನೋ ಹಾಲನ್ನೋ ತೆಳುವಾಗಿ ಸವರಿ. ಮೈ ಒಣಗದಂತೆ ತಡೆಯುವುದು ಇದೇ. ಒಂದರಿಂದ ಒಂದಕ್ಕೆ ಒಂದು ಬೆರಳು ಜಾಗ ಬಿಟ್ಟು ಜೋಡಿಸಿ. ಮಾಮೂಲಿ ನಾಲ್ಕು ಲೀಟರ್ ಯಂತ್ರದಲ್ಲಿ ಹತ್ತು ತುಂಡು ಹಿಡಿಯುತ್ತದೆ. ಇಪ್ಪತ್ತನ್ನೂ ಒಟ್ಟಿಗೆ ತುರುಕಿದರೆ ಗಾಳಿ ಆಡುವುದಿಲ್ಲ. ಗಾಳಿ ಆಡದ ಏರ್ ಫ್ರೈಯರ್‌ನಲ್ಲಿ ಬೇಯುವುದೇನು ಹೇಳಿ.

ಕಾಗದ ಹಾಸುವುದಾದರೆ ಎರಡು ಎಚ್ಚರಿಕೆ. ನಮ್ಮಲ್ಲಿ ಬಟರ್ ಪೇಪರ್ ಅಂತ ಎರಡು ಬಗೆಯದು ಮಾರುತ್ತಾರೆ. ತಿಂಡಿ ಸುತ್ತುವ ತೆಳು ಕಾಗದ ಬಿಸಿ ತಡೆಯುವುದಿಲ್ಲ. ಪ್ಯಾಕೆಟ್ ಮೇಲೆ ಬೇಕಿಂಗ್‌ಗೆ ಅಂತ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿರಬೇಕು. ಇನ್ನೊಂದು, ಖಾಲಿ ಕಾಯಿಸುವಾಗ ಕಾಗದ ಒಳಗಿರಬಾರದು. ಮೇಲೆ ಭಾರವಿಲ್ಲದ ಕಾಗದ ಫ್ಯಾನಿನ ಗಾಳಿಗೆ ಹಾರಿ ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳಬಹುದು.

ಐದು ನಿಮಿಷಕ್ಕೆ ಬುಟ್ಟಿ ಎಳೆದು ತುಂಡುಗಳನ್ನು ತಿರುವಿ ಹಾಕಿ. ಇನ್ನೂ ಎರಡರಿಂದ ನಾಲ್ಕು ನಿಮಿಷ ಸಾಕು. ಯಂತ್ರದಿಂದ ಯಂತ್ರಕ್ಕೆ ಉರಿ ಬೇರೆ. ಚಿಕ್ಕ ಯಂತ್ರದಲ್ಲಿ ಕಾಯಿಲ್ ತೀರಾ ಹತ್ತಿರ ಇರುತ್ತದೆ, ಅಂಥದ್ದರಲ್ಲಿ 160 ಡಿಗ್ರಿಯೇ ಸರಿ. ಅದಕ್ಕೇ ಮೊದಲ ಸಲ ಮೂರೇ ತುಂಡು ಇಟ್ಟು ನೋಡಿ. ಒಂದನ್ನು ಮುರಿಯಿರಿ. ಒಳಗೆ ಬ್ರೆಡ್ಡಿನ ಹಾಗೆ ಬಿಡಿಬಿಡಿಯಾಗಿ ಬಂದರೆ ಆಯಿತು. ನಡುವೆ ಹೊಳೆಯುವ, ಹಲ್ಲಿಗೆ ಅಂಟುವ ಗೆರೆ ಕಂಡರೆ ಉರಿ ಹತ್ತು ಡಿಗ್ರಿ ಇಳಿಸಿ, ಎರಡು ನಿಮಿಷ ಜಾಸ್ತಿ ಇಡಿ. ಬಣ್ಣ ಹೊಂಬಣ್ಣ ಬಂದರೆ ಸಾಕು. ಕರಿದ ಡೋನಟ್‌ನ ಗಾಢ ಕಂದು ಬಣ್ಣ ಇದಕ್ಕೆ ಬರುವುದಿಲ್ಲ, ಬರಿಸಲು ಹೋಗಬೇಡಿ. ಚಕ್ಕೆ ಸಕ್ಕರೆ ಮೇಲೆ ಬಂದ ಮೇಲೆ ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ.

ಸಕ್ಕರೆ ಉದುರಿದ್ದಕ್ಕೆ ಕಾರಣ, ಅದು ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಕರಿದ ಡೋನಟ್ ಮೈಯೆಲ್ಲ ಎಣ್ಣೆ ಇರುತ್ತದೆ, ಹೊರಳಿಸಿದರೆ ಸಾಕು. ಇದರ ಮೈ ಒಣ. ಬೆಣ್ಣೆ ಬೇಕೇ ಬೇಕು, ಆದರೆ ಯಾವಾಗ ಹಚ್ಚುತ್ತೀರಿ ಅನ್ನುವುದು ಮುಖ್ಯ. ಬುಟ್ಟಿಯಿಂದ ತೆಗೆದ ಕೂಡಲೇ ತುಂಡುಗಳಿಂದ ಹಬೆ ಬರುತ್ತಿರುತ್ತದೆ. ಆಗಲೇ ಸಕ್ಕರೆ ಹಾಕಿದರೆ ಹಬೆಗೆ ಕರಗಿ ಪಾಕವಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಹಾಕಿದರೆ ಬೆಣ್ಣೆ ಮೈಮೇಲೆ ಗಟ್ಟಿಯಾಗಿ, ಸಕ್ಕರೆ ಪುನಃ ಉದುರುತ್ತದೆ. ತಟ್ಟೆಯಲ್ಲಿ ಒಂದೆರಡು ನಿಮಿಷ ಬಿಡಿ. ಹಬೆ ನಿಲ್ಲಬೇಕು, ಬೆರಳಿಗೆ ಇನ್ನೂ ಚುರುಕ್ ಅನ್ನುವಷ್ಟು ಬಿಸಿ ಇರಬೇಕು.

ಆಗ ಅಗಲದ ಸ್ಟೀಲ್ ಪಾತ್ರೆಗೆ ಐದು ತುಂಡು ಹಾಕಿ, ಒಂದು ದೊಡ್ಡ ಚಮಚ ಕರಗಿದ ಬೆಣ್ಣೆ ಸುರಿದು, ಪಾತ್ರೆಯನ್ನು ಚುರುಮುರಿ ಕಲಸುವ ಹಾಗೆ ಕುಲುಕಿ. ತುಂಡುಗಳ ಮೈ ಹೊಳೆಯುತ್ತದೆ, ಎಣಿಸಿ ಹತ್ತು ಸೆಕೆಂಡ್‌ನಲ್ಲಿ ಆ ಹೊಳಪು ಸ್ವಲ್ಪ ಮಂಕಾಗುತ್ತದೆ. ಬೆಣ್ಣೆ ಒಳಗೆ ಇಳಿಯಲು ಶುರುವಾಯಿತು ಅಂತ. ಅದೇ ಗಳಿಗೆಗೆ ಸಕ್ಕರೆ ಬಟ್ಟಲಿಗೆ ಹಾಕಿ ಹೊರಳಿಸಿ. ಪ್ರತಿ ಹರಳೂ ನಿಲ್ಲುತ್ತದೆ. ಇಡೀ ತುಂಡನ್ನು ಬೆಣ್ಣೆಯಲ್ಲಿ ಮುಳುಗಿಸಬೇಡಿ. ನೆಂದು ಮೆತ್ತಗಾಗುತ್ತದೆ, ಬೆಣ್ಣೆಯೂ ದಂಡ. ಇಪ್ಪತ್ತಕ್ಕೂ 40 ಗ್ರಾಂ ಸಾಕು. ಆ ಕರಗಿದ ಬೆಣ್ಣೆಗೇ ಒಂದು ಚಿಟಿಕೆ ಚಕ್ಕೆ ಪುಡಿ ಹಾಕಿಟ್ಟಿರಿ. ಚಕ್ಕೆಯ ಪರಿಮಳದ ಸತ್ವ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಬರೀ ಸಕ್ಕರೆ ಅದನ್ನು ಹೊರತೆಗೆಯಲಾರದು.

ಬೇಯಿಸುವ ಮೊದಲೇ ಸಕ್ಕರೆ ಹಚ್ಚಿದರೆ ಕೆಲಸ ಕಡಿಮೆ ಅಂತ ಅನ್ನಿಸಬಹುದು. ಬೇಡ. ಸಕ್ಕರೆ ಬುಟ್ಟಿಗೆ ಅಂಟಿ ಕರಕಲಾಗುತ್ತದೆ, ಉಜ್ಜಿ ತೊಳೆಯುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ನೀವು ದಾವಣಗೆರೆಯವರು. ಬೆಣ್ಣೆಯ ವಿಷಯದಲ್ಲಿ ನಿಮ್ಮದು ಅದೃಷ್ಟವಂತ ಊರು. ಅಲ್ಲಿ ಸಿಗುವ ಬಿಳಿ ಬೆಣ್ಣೆಯನ್ನೇ ಬಳಸಿ, ಆದರೆ ಒಂದು ಮಾತು. ಕಂಪನಿ ಬೆಣ್ಣೆಗಿಂತ ಅದರಲ್ಲಿ ನೀರಿನಂಶ ಜಾಸ್ತಿ, ಮಜ್ಜಿಗೆಯೂ ಉಳಿದಿರುತ್ತದೆ. ಹಾಗೇ ಕರಗಿಸಿ ಹಚ್ಚಿದರೆ ಆ ನೀರಿಗೆ ಸಕ್ಕರೆ ಒದ್ದೆಯಾಗುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ, ನೊರೆ ಇಳಿದು ಚಟಪಟ ಸದ್ದು ಕಡಿಮೆಯಾಗುವವರೆಗೆ ಬಿಡಿ. ತುಪ್ಪ ಆಗುವ ಮುಂಚೆಯೇ, ತಳದ ಗಸಿ ಇನ್ನೂ ತಿಳಿ ಕಂದು ಬಣ್ಣದಲ್ಲಿರುವಾಗ ಇಳಿಸಿ. ಆ ಪರಿಮಳ ಚಕ್ಕೆಯ ಜೊತೆ ಸೇರಿದರೆ ಅದರ ರುಚಿಯೇ ಬೇರೆ. ಅಮೆರಿಕದ ಡಬ್ಬಿ ಹಿಟ್ಟಿನಲ್ಲಿ ಇದು ಸಿಗುವುದಿಲ್ಲ. ಮಕ್ಕಳ ಡಬ್ಬಿಗೆ ಕಳಿಸುವುದಾದರೆ ಪೂರ್ತಿ ತುಪ್ಪವೇ ಒಳ್ಳೆಯದು. ನೀರಿಲ್ಲದ್ದರಿಂದ ಸಕ್ಕರೆ ಹೆಚ್ಚು ಹೊತ್ತು ಒಣಗಿರುತ್ತದೆ.

ಬೇಗ ಆಗಬೇಕು ಅಂದಿರಿ. ಐದು ನಿಮಿಷ ಅನ್ನುವ ಲೆಕ್ಕ ಬೇಯುವ ಹೊತ್ತಿನದ್ದು ಮಾತ್ರ. ಮೊದಲಿನಿಂದ ಶುರು ಮಾಡಿ ಎರಡು ಸರದಿ ಬೇಯಿಸಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಕಡಿಮೆ ಮಾಡಲು ದಾರಿಯಿದೆ. ಬಿಡುವಿದ್ದಾಗ ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಪುಡಿ ಸಕ್ಕರೆ ಇಷ್ಟನ್ನೂ ಇದೇ ಅಳತೆಯಲ್ಲಿ ನಾಲ್ಕು ಪಟ್ಟು ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ. ಒಂದು ತಿಂಗಳು ಧಾರಾಳವಾಗಿ ಇರುತ್ತದೆ. ಚಕ್ಕೆ ಸಕ್ಕರೆಯೂ ಒಂದು ಬಾಟಲಿಯಲ್ಲಿರಲಿ. ಬೇಕೆಂದಾಗ ಸುಮಾರು 240 ಗ್ರಾಂ ಮಿಶ್ರಣ ತೂಗಿ, ಬೆಣ್ಣೆ, ಮೊಸರು ಸೇರಿಸಿದರಾಯಿತು. ಇನ್ನೊಂದು ದಾರಿ ಫ್ರೀಜರ್. ಕತ್ತರಿಸಿದ ಹಸಿ ತುಂಡುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಎರಡು ವಾರದೊಳಗೆ ಮುಗಿಸಿ. ಕರಗಿಸುವುದು ಬೇಡ, ಹಾಗೇ 160 ಡಿಗ್ರಿಯಲ್ಲಿ ಹನ್ನೊಂದು ಹನ್ನೆರಡು ನಿಮಿಷ. ಮಕ್ಕಳ ಶಾಲೆ ಬಸ್ಸು ಬೀದಿ ತಿರುಗುವಾಗ ಇಟ್ಟರೂ ಸಾಕು.

ಏನೂ ಇಲ್ಲದ ದಿನ ಪಾವ್ ಇದ್ದರೆ ಸಾಕು. ದೊಡ್ಡ ಚೌಕಗಳಾಗಿ ಕತ್ತರಿಸಿ, ಕರಗಿದ ಬೆಣ್ಣೆಯಲ್ಲಿ ಕುಲುಕಿ, 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಟ್ಟು, ಚಕ್ಕೆ ಸಕ್ಕರೆಯಲ್ಲಿ ಹೊರಳಿಸಿ. ಡೋನಟ್ ಅನ್ನಲಾಗದು, ಆದರೂ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ.

ಗೋಧಿ ಹಿಟ್ಟಿನಲ್ಲಿ ಮಾಡಬೇಕು ಅನ್ನುವವರು ಅರ್ಧ ಮೈದಾ, ಅರ್ಧ ಗೋಧಿ ತೆಗೆದುಕೊಳ್ಳಿ, ಮೊಸರು ಒಂದು ದೊಡ್ಡ ಚಮಚ ಜಾಸ್ತಿ ಹಾಕಿ. ಪೂರ್ತಿ ಗೋಧಿಯಲ್ಲಿ ಭಾರವಾಗುತ್ತದೆ. ಇನ್ನು ಗೋಳಿಬಜೆ, ಬನ್ಸ್ ಕೂಡ ಹೀಗೇ ಮಾಡಬಹುದಾ ಅಂತ ನಿಮಗೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಗುವುದಿಲ್ಲ. ಗೋಳಿಬಜೆಯ ಸಡಿಲ ಹಿಟ್ಟನ್ನು ಹಿಡಿದು ದುಂಡಗೆ ಮಾಡುವುದೇ ಎಣ್ಣೆ. ಬುಟ್ಟಿಯಲ್ಲಿ ಅದು ತೂತುಗಳಿಂದ ಸೋರಿಹೋಗುತ್ತದೆ. ಬನ್ಸ್ ಉಬ್ಬುವುದು ಬಿಸಿ ಎಣ್ಣೆ ತಾಗಿದ ಕ್ಷಣ ಒಳಗಿನ ನೀರು ಹಬೆಯಾಗುವುದರಿಂದ. ಗಾಳಿ ಅಷ್ಟು ಬೇಗ ಕಾಯಿಸಲಾರದು, ಚಪ್ಪಟೆ ರೊಟ್ಟಿ ಸಿಗುತ್ತದೆ. ಅವನ್ನು ಬಾಣಲೆಯಲ್ಲೇ ಕರಿಯಿರಿ.

ಕೊನೆಗೆ ನಿಮ್ಮ ಆರೋಗ್ಯದ ಪ್ರಶ್ನೆ. ಕರಿದ ಡೋನಟ್‌ನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಕೊಬ್ಬೇ ಇರುತ್ತದೆ. ನಮ್ಮದರಲ್ಲಿ ಅದಕ್ಕಿಂತ ಕಡಿಮೆ, ನಿಜ. ಆದರೆ ಇಪ್ಪತ್ತು ತುಂಡಿಗೆ 70 ಗ್ರಾಂ ಬೆಣ್ಣೆ ಹೋಗಿದೆ, ತುಂಡಿಗೆ ಮೂರೂವರೆ ಗ್ರಾಂ ಬಂತು. ಸಕ್ಕರೆಯಂತೂ ಒಳಗಿನದು, ಹೊರಗಿನದು ಸೇರಿ ತುಂಡಿಗೆ ಒಂದು ಟೀ ಚಮಚಕ್ಕೂ ಸ್ವಲ್ಪ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ದೊಡ್ಡವರ ಊಟದ ಲೆಕ್ಕಕ್ಕೆ ಇಳಿಸಿದರೆ, ಹೀಗೆ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25 ಗ್ರಾಂನೊಳಗೆ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕೈದು ತುಂಡಿಗೇ ಆ 25 ಗ್ರಾಂ ಮುಗಿಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಏರ್ ಫ್ರೈಯರ್‌ನಿಂದ ಯಾವ ರಿಯಾಯಿತಿಯೂ ಸಿಗುವುದಿಲ್ಲ, ಮೈದಾ ಮೈದಾವೇ, ಸಕ್ಕರೆ ಸಕ್ಕರೆಯೇ. ಮಗುವಿಗೆ ಮೂರು ಕೊಡಿ, ಜೊತೆಗೆ ಸಕ್ಕರೆ ಹಾಕದ ಹಾಲು ಕೊಡಿ.

ಉಳಿದರೆ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಮರುದಿನ 160 ಡಿಗ್ರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಕಾಗದ ಹಾಸಿಕೊಂಡು. ಸಕ್ಕರೆ ಒದ್ದೆಯಾಗಿದ್ದರೆ ಇನ್ನೊಮ್ಮೆ ಹೊರಳಿಸಿ ಕೊಡಿ.